ಮಿಲ್ ರಸ್ತೆಗೆ ನೆರಳು ಹತ್ತಿಸಿದ ಕಂಡಕ್ಟರು

ಮಿಲ್ ರಸ್ತೆಯಲ್ಲಿ ಮರ ಬೆಳೆಯುವುದಿಲ್ಲ ಎಂದು ಮೊದಲು ಹೇಳಿದವನು ನಮ್ಮಪ್ಪ. ಹುಟ್ಟಿದಾಗಿನಿಂದ ಕುರಿ ಕಾಯ್ದವನು. ಎಲ್ಲಿ ಹಸಿರು ಕಂಡರೂ ಅದು ಕುರಿಯ ಬಾಯಿಗೆ ಎಟುಕುತ್ತದೋ ಇಲ್ಲವೋ ಎಂಬುದೇ ಅವನ ಮೊದಲ ಯೋಚನೆ. "ನನ್ನ ಮಂದೆ ಆ ರಸ್ತೇಲಿ ಒಂದ್ಸಲ ಹೋಗಿ ಬಂದ್ರೆ ಮುಗೀತು ಕಣವ್ವ. ನಿಮ್ಮ ಕಂಡಕ್ಟ್ರು ನೆಟ್ಟಿದ್ದೆಲ್ಲ ಬೆಳಿಗ್ಗೆ ಹಿಕ್ಕೆ ಆಗಿರ್ತೈತೆ" ಅಂದ.

ಆಮೇಲೆ ಹೇಳಿದವರು ಶೇಂಗಾ ಎಣ್ಣೆ ಮಿಲ್ಲಿನ ಯಜಮಾನರು. ತಮ್ಮ ಮಿಲ್ಲಿನ ಹೊಟ್ಟಿನ ಧೂಳಿನಲ್ಲಿ ಮನುಷ್ಯರೇ ಬೆಳೆಯುವುದು ಕಷ್ಟ, ಗಿಡದ ಮಾತು ಎಲ್ಲಿಂದ ಬಂತು ಎಂದು ನಕ್ಕರು. ರಸ್ತೆ ನೋಡಿಕೊಳ್ಳುವ ಎಂಜಿನಿಯರ್ ಸಾಹೇಬರು ನಗಲಿಲ್ಲ; ಅವರು ಸರ್ಕಾರಿ ಕೆಲಸದಲ್ಲಿರುವವರು. "ಆಗಲ್ಲ ಬಿಡ್ರಿ" ಅಂದರು ಅಷ್ಟೆ. ಆದರೆ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಕಂಡಕ್ಟರ ಹೆಂಡತಿ. "ಈ ಮನುಷ್ಯನಿಗೆ ನಿಂತ್ಕಂಡು ಗೊತ್ತು, ಬಗ್ಗಿ ಗೊತ್ತಿಲ್ಲ. ಗಿಡ ನೆಡಾಕೆ ಬಗ್ಗಬೇಕಲ್ಲ?"

ಕಂಡಕ್ಟರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಚಳ್ಳಕೆರೆಯಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಹೆತ್ತವರು ಇಟ್ಟ ಹೆಸರು ಅವರ ಮತದಾರರ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವರು ಕಂಡಕ್ಟ್ರು. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದೇ ಅವರ ತಲೆ ಬೆಳ್ಳಗಾಯಿತು. ಹೆಣ್ಣು ತಂದದ್ದೂ ಮೊಳಕಾಲ್ಮೂರಿನಿಂದಲೇ, ರೇಷ್ಮೆ ಸೀರೆ ನೇಯುವ ಮನೆಯಿಂದ. "ಕೊನೇ ಸ್ಟಾಪು ಬಂತು, ಇಳೀರಿ ಅಂದ್ರು, ಇಳಿದೆ. ಅಲ್ಲಿ ಇವಳಿದ್ಲು" ಎಂದು ಅವರು ಹೇಳುವುದು. "ಮಗ್ಗದ ಮುಂದೆ ಕುಂತಿದ್ದೋಳನ್ನ ಬಸ್ಸಿಗೆ ಹತ್ತಿಸ್ಕಂಡು ಬಂದ್ರು, ಇವತ್ತಿಗೂ ಸೀಟು ಕೊಟ್ಟಿಲ್ಲ" ಎಂದು ಆಕೆ ಹೇಳುವುದು.

ನನ್ನ ಅವರ ಪರಿಚಯ ಆ ಬಸ್ಸಿನದೇ. ನಮ್ಮದು ಬಿ.ಜಿ. ಕೆರೆಯಿಂದ ಒಳಗೆ ಇರುವ ಒಂದು ಹಟ್ಟಿ. ಅಲ್ಲಿಂದ ರಸ್ತೆಗೆ ನಡೆದು ಬಂದು, ಬಸ್ಸು ಹತ್ತಿ, ಚಳ್ಳಕೆರೆಯ ಕಾಲೇಜಿಗೆ ಹೋಗಬೇಕು. ನಮ್ಮ ಹಟ್ಟಿಯಲ್ಲಿ ಹೆಸರಿನ ಪಕ್ಕ ಬಿ.ಎ. ಎಂದು ಬರೆದುಕೊಂಡವಳು ನಾನೇ ಮೊದಲು. ಆ ಎರಡು ಅಕ್ಷರಕ್ಕೆ ಅವ್ವ ಎಷ್ಟು ಹೊಲದಲ್ಲಿ ಶೇಂಗಾ ಕಿತ್ತಳು, ಅಪ್ಪ ಎಷ್ಟು ಟಗರು ಮಾರಿದ ಎಂದು ನನಗೆ ಗೊತ್ತು. ಆದ್ದರಿಂದ ಅದನ್ನು ಇಲ್ಲಿ ಇನ್ನೊಮ್ಮೆ ಬರೆದುಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕಂಡಕ್ಟರಿಗೆ ಜನರ ಹೆಸರು ನೆನಪಿರುತ್ತಿರಲಿಲ್ಲ, ಇಳಿಯುವ ಜಾಗ ನೆನಪಿರುತ್ತಿತ್ತು. ನಾನು "ಬೀಜಿಕೆರೆ". ನನ್ನ ಪಕ್ಕ ಕೂರುವ ಟೈಲರು "ಹಿರೇಹಳ್ಳಿ". ಒಬ್ಬ ಗಂಭೀರ ಮುಖದ ಮೇಷ್ಟ್ರಿದ್ದರು, ಅವರು "ತಳಕು". "ಏ ತಳಕು, ಸ್ವಲ್ಪ ಸರೀರಿ, ಬೀಜಿಕೆರೆ ನಿಂತೈತೆ" ಎಂದರೆ ಹೊಸಬರು ಗಾಬರಿಯಾಗಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ಅವರು ದಿನಾ ಹೇಳುವ ಸುಳ್ಳು ಒಂದಿತ್ತು: "ಈಗ ಹೊರಡ್ತೈತೆ." ಡ್ರೈವರು ಹೋಟೆಲಿನಲ್ಲಿ ಇಡ್ಲಿಗೆ ಆಗ ತಾನೇ ಹೇಳಿರುತ್ತಿದ್ದ. ಆದರೂ ಇವರು ಬಾಗಿಲಲ್ಲಿ ನಿಂತು, ಬಸ್ಸಿನ ಮೈ ತಟ್ಟಿ, "ಈಗ ಹೊರಡ್ತೈತೆ, ಹತ್ರಿ, ಹತ್ರಿ" ಅನ್ನುತ್ತಿದ್ದರು. ನನ್ನ ಪರೀಕ್ಷೆಯ ದಿನಗಳಲ್ಲಿ ಇದೇ ಸುಳ್ಳು ನನ್ನ ಪಾಲಿಗೆ ಒದಗಿತು. ನಾನು ಹಟ್ಟಿಯಿಂದ ಓಡಿಬರುವುದು ದೂರದಲ್ಲಿ ಕಾಣುತ್ತಿದ್ದರೆ ಸಾಕು, ಒಳಗಿನವರು ಎಷ್ಟು ಬೈದರೂ ಬಸ್ಸು "ಈಗ" ಹೊರಡುತ್ತಲೇ ನಿಂತಿರುತ್ತಿತ್ತು. ಫಲಿತಾಂಶ ಬಂದ ದಿನ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದ ಒಬ್ಬರನ್ನು ಭುಜ ಅಲುಗಾಡಿಸಿ ಎಬ್ಬಿಸಿದರು. "ಎದ್ದೇಳ್ರಿ ಸ್ವಾಮಿ, ಬಿ.ಎ. ಪಾಸಾದೋರು ಬಂದವ್ರೆ, ಕುಂತ್ಕಳ್ಲಿ." ಆ ಮನುಷ್ಯ ಗೊಣಗುತ್ತಾ ಎದ್ದ. ನಾನು ಕೂತೆ. ಘಟಿಕೋತ್ಸವ ಅಂತ ನನಗೆ ಆದದ್ದು ಅದೇ.

ಬಸ್ಸಿನ ಮಾಲೀಕರು ಬಸ್ಸು ಮಾರಿದ ಮೇಲೆ ಕಂಡಕ್ಟರು ನೆಲಕ್ಕಿಳಿದರು. ಮೈ ಮಾತ್ರ ಇಳಿಯಲಿಲ್ಲ. ಮಾತಾಡುವಾಗ ಬಲಗೈ ತಾನೇ ಮೇಲೆ ಹೋಗಿ ಇಲ್ಲದ ಸರಳನ್ನು ಹಿಡಿಯುತ್ತಿತ್ತು. ಮಾತಿನ ನಡುವೆ ಹಳ್ಳ ದಿಣ್ಣೆ ಬಂದಂತೆ ಒಂದು ಸಲ ತೂಗುತ್ತಿದ್ದರು. ಮನೆಯಲ್ಲಿ ಕೂತರೆ ಹೆಂಡತಿಗೆ ಇವರು ಅಡ್ಡ, ಇವರಿಗೆ ಮನೆ ಅಡ್ಡ. ಹಾಗಾಗಿ ಬೆಳಿಗ್ಗೆ ಎದ್ದು ಮಿಲ್ ರಸ್ತೆಯಲ್ಲಿ ಹೋಗಿ ನಿಲ್ಲುತ್ತಿದ್ದರು.

ಆ ರಸ್ತೆಯ ಕಥೆ ಹೇಳಬೇಕು. ಬಸ್ ನಿಲ್ದಾಣದ ಕಡೆಯಿಂದ ನಮ್ಮ ಕಾಲೇಜಿನವರೆಗೆ ಎರಡೂ ಬದಿ ಎಣ್ಣೆ ಮಿಲ್ಲುಗಳು, ನಡುನಡುವೆ ಅಂಗಡಿ. ಅಗಲ ಮಾಡುವಾಗ ಹಳೆಯ ಹುಣಸೆ ಮರಗಳನ್ನು ಕಡಿದರು. ರಸ್ತೆ ಅಗಲವಾಯಿತು, ಬಿಸಿಲೂ ಅಗಲವಾಯಿತು. ಮಧ್ಯಾಹ್ನ ನಾಯಿ ಕೂಡ ಆ ಕಡೆ ಹಾಯುತ್ತಿರಲಿಲ್ಲ. ಜನ ಬಾರದೆ ಮಂಡಕ್ಕಿ ಗಾಡಿ ಹೋಯಿತು, ಹೂವಿನವಳು ಹೋದಳು, ಎರಡು ಅಂಗಡಿ ಬಾಗಿಲು ಹಾಕಿದವು. ಎರಡೂ ಅಂಚಿಗೆ ಮಣ್ಣಿನ ಪಟ್ಟಿ ಒಂದು ಉಳಿದಿತ್ತು. ಅದಕ್ಕೂ ಕಾಂಕ್ರೀಟ್ ಹಾಕಿ ಗಾಡಿ ನಿಲ್ಲಿಸಲು ಬಿಡುತ್ತಾರೆ ಎಂದು ಸುದ್ದಿ ಬಂದಾಗ ಕಂಡಕ್ಟರು ಎಂಜಿನಿಯರ್ ಸಾಹೇಬರ ಮುಂದೆ ಹೋಗಿ ನಿಂತರು, ಕೈ ಮೇಲೆತ್ತಿಕೊಂಡೇ.

"ಸಾರ್, ಆ ಪಟ್ಟಿ ನಮಗೆ ಬಿಡ್ರಿ. ಮರ ಹಾಕ್ತೀವಿ."

"ಯಾರು 'ನಾವು'?"

"ರಸ್ತೆಯೋರು."

ರಸ್ತೆಯವರಿಗೆ ಆಗ ಈ ವಿಷಯ ಇನ್ನೂ ಗೊತ್ತಿರಲಿಲ್ಲ. ಸಾಹೇಬರು ಹೇಳಿದರು: "ಮಳೆಗಾಲ ಮುಗಿಯೋಕೆ ಮುಂಚೆ ಬಂದು ನೋಡ್ತೀನಿ. ಗಿಡ ನಿಂತಿದ್ರೆ ಪಟ್ಟಿ ನಿಮ್ಮದು. ಇಲ್ಲಾಂದ್ರೆ ಜೆಸಿಬಿ ಕಳಿಸ್ತೀನಿ." ಇಷ್ಟೇ ಒಪ್ಪಂದ. ಮಣ್ಣು ಉಳಿದರೆ ನೆರಳು, ಇಲ್ಲವಾದರೆ ಕಾಂಕ್ರೀಟು.

ಕಂಡಕ್ಟರಿಗೆ ಗಿಡಗಳ ಬಗ್ಗೆ ಏನೂ ಗೊತ್ತಿರಲಿಲ್ಲ. ಬೇವು ಯಾವುದು, ಹೊಂಗೆ ಯಾವುದು ಎಂಬುದು ಎಲೆ ಅಗಿದು ಮುಖ ಸೊಟ್ಟ ಮಾಡಿಕೊಂಡ ಮೇಲೇ ತಿಳಿಯುತ್ತಿದ್ದುದು. ಆದರೆ ಪ್ಯಾಸೆಂಜರನ್ನು ಹತ್ತಿಸುವುದು ಗೊತ್ತಿತ್ತು. ರಸ್ತೆಯನ್ನೇ ಬಸ್ಸಿನ ದಾರಿ ಮಾಡಿದರು. ನಿಲ್ದಾಣದ ಕಡೆಯ ಮೊದಲ ಗುಂಡಿ ಚಳ್ಳಕೆರೆ, ಕಾಲೇಜಿನ ಗೇಟಿನ ಹತ್ತಿರದ್ದು ಮೊಳಕಾಲ್ಮೂರು. ನಡುವೆ ಹಿರೇಹಳ್ಳಿ, ತಳಕು, ಬಿ.ಜಿ. ಕೆರೆ, ಹಾನಗಲ್ಲು. ಉಳಿದವಕ್ಕೆ ಒಳದಾರಿಯ ಹಟ್ಟಿಗಳ ಹೆಸರು. ಯಾವ ಊರಿನವರ ಅಂಗಡಿಯೋ ಆ ಊರಿನ ಗುಂಡಿ ಅವರಿಗೆ. "ಏ ಹಿರೇಹಳ್ಳಿ, ನಿಮ್ಮೂರಿಗೆ ಇನ್ನೂ ನೀರು ಬಂದಿಲ್ಲ ನೋಡು!" ಎಂದು ಬೆಳಿಗ್ಗೆ ವಿಷಲ್ ಊದಿದರೆ ಟೈಲರು ಮರ್ಯಾದೆ ಪ್ರಶ್ನೆ ಎಂದು ಕೊಡ ಎತ್ತಿಕೊಂಡು ಬರುತ್ತಿದ್ದ. ಪಂಕ್ಚರ್ ಅಂಗಡಿಯ ಸಾಬರದು ಪರಶುರಾಂಪುರ. ಅದು ಈ ದಾರಿಯಲ್ಲೇ ಇಲ್ಲ.

"ನಮ್ಮೂರು ಯಾಕಿಲ್ಲ ಭಾಯ್? ನಾವೇನು ಪಾಪ ಮಾಡಿದೀವಿ?"

"ಅದು ಬ್ಯಾರೆ ರೂಟು ಸಾಬ್ರೆ."

"ಗಿಡಕ್ಕೆ ಎಂಥ ರೂಟು ರೀ! ಹಾಕ್ರಿ ಒಂದು."

ತಳಕಿಗೂ ಬಿ.ಜಿ. ಕೆರೆಗೂ ಮಧ್ಯೆ ಪರಶುರಾಂಪುರ ಬಂತು. ಭೂಗೋಳ ಕೆಟ್ಟಿತು, ಸಾಬರು ಟ್ಯೂಬು ಮುಳುಗಿಸಿ ನೋಡುವ ಬೋಗುಣಿಯ ನೀರು ದಿನಾ ಸಂಜೆ ಗಿಡಕ್ಕೆ ಸಿಕ್ಕಿತು.

ಗುಂಡಿ ತೋಡಿದ್ದಾಯಿತು. ಆದರೆ ಮಣ್ಣು ಸತ್ತಿತ್ತು. ಜಲ್ಲಿ, ಡಾಂಬರಿನ ಚೂರು, ಶೇಂಗಾ ಸಿಪ್ಪೆ. ಆಗ ಕಂಡಕ್ಟರಿಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ಬಿತ್ತನೆಗೆ ಮುಂಚೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುತ್ತಾರೆ. ರಾತ್ರಿಯೆಲ್ಲ ಕುರಿಗಳು ಅಲ್ಲೇ ಮಲಗಿ ಗೊಬ್ಬರ ಹಾಕುತ್ತವೆ, ಹೊಲದವರು ಕುರಿಯವರಿಗೆ ಊಟ ಹಾಕುತ್ತಾರೆ. ಇವರು ನೇರ ನಮ್ಮ ಹಟ್ಟಿಗೆ ಬಂದು ಅಪ್ಪನನ್ನು ಕೇಳಿದರು: "ಗೌಡ್ರೆ, ಮಿಲ್ ರಸ್ತೇಲಿ ಮಂದೆ ನಿಲ್ಲಿಸ್ಬೇಕಲ್ಲ."

ಅಪ್ಪ ಅವರ ಮುಖ ನೋಡಿದ. ಆಮೇಲೆ ನನ್ನ ಮುಖ ನೋಡಿದ. "ಓದಿದೋರು ಯಾರಾನ ಹೇಳಿಕೊಟ್ರಾ ಇದನ್ನ?"

"ನಾನಲ್ಲ" ಅಂದೆ.

"ರಸ್ತೆ ಮ್ಯಾಲೆ ಮಂದೆ ನಿಲ್ಲಿಸಿದ್ರೆ ಉಣ್ಣಾಕೆ ಇಕ್ಕೋರು ಯಾರು? ಹೊಲಕ್ಕಾದ್ರೆ ಯಜಮಾನ ಅಂತ ಒಬ್ಬ ಇರ್ತಾನೆ."

ಕಂಡಕ್ಟರು ಒಂದು ಸಲ ತೂಗಿದರು. "ರಸ್ತೆಗೆ ಎಲ್ಲಾರೂ ಯಜಮಾನ್ರೇ. ಸರದಿ ಮ್ಯಾಲೆ ಇಕ್ತಾರೆ, ಬರ್ರಿ."

ಹೀಗೆ ನಮ್ಮ ಕುರಿಗಳು ಚಳ್ಳಕೆರೆ ಪೇಟೆಗೆ ಬಂದವು. ಬೇಸಿಗೆಯ ಕೊನೆ. ಬೆಳಿಗ್ಗೆ ಅಂಗಡಿಯ ಷಟರ್ ಎತ್ತಿದವರ ಎದುರಿಗೆ ಟಗರು ನಿಂತಿರುತ್ತಿತ್ತು. ಒಂದು ದಿನ ಮಿಲ್ಲಿನ ಯಜಮಾನರ ಮನೆಯಿಂದ ಮುದ್ದೆ ಬಂತು, ಇನ್ನೊಂದು ದಿನ ಸಾಬರ ಮನೆಯಿಂದ ಅನ್ನ ಸಾರು, ಮತ್ತೊಂದು ದಿನ ಕಂಡಕ್ಟರ ಮನೆಯಿಂದ ರೊಟ್ಟಿ. ಅವರ ಹೆಂಡತಿ ಬುಟ್ಟಿ ಇಳಿಸಿ, ಸಿಟ್ಟು ಬಂದಾಗ ಬರುವ ತೆಲುಗಿನಲ್ಲಿ ಶುರು ಮಾಡಿದರು: "ಏಂದಯ್ಯಾ ಇದಿ? ರಿಟೇರಾದ ಮ್ಯಾಲೆ ಕಾಶಿಗೆ ಕರ್ಕಂಡ್ ಹೋಗ್ತೀನಿ ಅಂದ್ರಿ. ಕುರಿ ಹಟ್ಟಿಗೆ ಕರ್ಕಂಡ್ ಬಂದ್ರಲ್ಲ!"

"ಈಗ ಹೊರಡ್ತೈತೆ ಕಾಶಿ ಬಸ್ಸು" ಅಂದರು ಕಂಡಕ್ಟರು.

ನಾನು ಆಗ ಎಂ.ಎ. ಮುಗಿಸಿ ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಇಸ್ತ್ರಿ ಮಾಡಿದ ಸೀರೆ ಉಟ್ಟು ಗೇಟಿಗೆ ಬಂದರೆ ನಮ್ಮದೇ ಮಂದೆ, ಗುರುತು ಹಿಡಿದು ಬ್ಯಾ ಅಂತ ಅರಚಿತು. ವಿದ್ಯಾರ್ಥಿನಿಯೊಬ್ಬಳು ನಗು ತಡೆದುಕೊಂಡು ಕೇಳಿದಳು: "ಮೇಡಂ, ನಿಮ್ಮ ಕುರಿನಾ?"

"ಹೌದಮ್ಮ. ಇವೇ ನನ್ನ ಓದಿಸಿದ್ದು" ಅಂದೆ. ಅದು ನಿಜ. ನಿಜ ಹೇಳಲು ಪಾಠದ ತಯಾರಿ ಬೇಕಾಗುವುದಿಲ್ಲ.

ಮಳೆ ಬಂತು, ಹೊಂಗೆ ಬೇವಿನ ಸಸಿ ನೆಟ್ಟರು. ನಿಜಕ್ಕೂ ಕಂಡಕ್ಟರು ಬಗ್ಗಿದರು. ಏಳಲು ಮಾತ್ರ ಇಬ್ಬರು ಬೇಕಾದರು. ಸ್ವಲ್ಪ ದಿನಕ್ಕೆ ಪಟ್ಟಿಯ ಉದ್ದಕ್ಕೂ, ಯಾರೂ ನೆಡದ ಕಡೆಯಲ್ಲೂ, ಚಿಕ್ಕ ಚಿಕ್ಕ ಗಿಡ ಎದ್ದವು. ಸಣ್ಣ ಎಲೆ, ನವಿರಾದ ಗರಿ. ಕಂಡಕ್ಟರು ಕುಣಿದರು. "ಟಿಕೆಟ್ ಇಲ್ಲದೆ ಹತ್ತಿದ ಪ್ಯಾಸೆಂಜರು! ಇದು ಬನ್ನಿ ಗಿಡ. ಆ ತಾಯಿಯೇ ಕಳಿಸವ್ಳೆ." ಬನ್ನಿ ಅಂದಮೇಲೆ ಯಾರು ಕೀಳುತ್ತಾರೆ? ದಸರೆಯಲ್ಲಿ ಪೂಜೆ ಮಾಡುವ ಗಿಡ. ಹೆಂಗಸರಿಗೆ ಖುಷಿಯೋ ಖುಷಿ. ಬನ್ನಿ ಹುಡುಕಿಕೊಂಡು ಊರಾಚೆ ಹೋಗುವುದು ತಪ್ಪಿತು. ಕಂಡಕ್ಟರ ಹೆಂಡತಿಯೇ ಮೊದಲು ಅರಿಶಿನ ಕುಂಕುಮ ಇಟ್ಟರು. ಗಂಡ ಮಾಡಿದ ಕೆಲಸವೊಂದಕ್ಕೆ ಆಕೆ ಕೈ ಮುಗಿದದ್ದು ಅದೇ ಮೊದಲು. ಹೊಂಗೆಗೆ ಒಂದು ಚೊಂಬು ನೀರು ಬಿದ್ದರೆ ಬನ್ನಿಗೆ ಎರಡು ಚೊಂಬು ಬೀಳತೊಡಗಿತು. ಗೊಬ್ಬರ ಉಂಡು, ನೀರು ಕುಡಿದು ಬನ್ನಿ ಸೊಂಟದೆತ್ತರ ಬಂತು. ಹೊಂಗೆ ಎಲ್ಲಿದೆ ಎಂದು ಬಗ್ಗಿ ಹುಡುಕಬೇಕಾಯಿತು.

ನವರಾತ್ರಿ ಹತ್ತಿರ ಬಂದಾಗ ಅಪ್ಪ ಔಷಧಿ ಅಂಗಡಿಗೆಂದು ಪೇಟೆಗೆ ಬಂದ. ಗಿಡ ನೋಡಿದ. ಕುಂಕುಮ ನೋಡಿದ. ಕಂಬಳಿ ಹಾಸಿಕೊಂಡು ರಸ್ತೆಯಂಚಿಗೆ ಕೂತುಬಿಟ್ಟ, ನಗು ತಡೆಯಲಾರದೆ.

"ಯಾರ್ರಿ ಇದಕ್ಕೆ ಪೂಜೆ ಮಾಡಿದೋರು? ಇದು ಬಳ್ಳಾರಿ ಜಾಲಿ ಕಣ್ರಪ್ಪಾ!"

ಬೇಸಿಗೆಯಲ್ಲಿ ಕುರಿಗೆ ತಿನ್ನಲು ಬೇರೇನೂ ಸಿಗದು. ಜಾಲಿಯ ಕಾಯಿ ತಿಂದೇ ದಿನ ನೂಕುತ್ತವೆ. ಬೀಜ ಜೀರ್ಣವಾಗದೆ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು ಮಳೆಗೆ ಏಳುತ್ತದೆ. ಕಂಡಕ್ಟರ ಮುಖ ಬಿಳುಚಿತು.

"ಮದ್ಲೇ ಹೇಳಬಾರದಿತ್ತಾ ಗೌಡ್ರೆ?"

"ಹೊಲಕ್ಕಾದ್ರೆ ಕುಂಟೆ ಹೊಡೀತಾರೆ, ಜಾಲಿ ಸಾಯ್ತೈತೆ. ನೀವು ರಸ್ತೆಗೆ ಕುಂಟೆ ಹೊಡಿಯಲ್ಲ ಅಂತ ನನಗೇನು ಕನಸು ಬಿದ್ದಿತ್ತಾ? ಗೊಬ್ಬರ ಕೇಳಿದ್ರಿ, ಕೊಟ್ಟೆ. ಜಾಲಿ ಬ್ಯಾಡ ಅಂದಿದ್ರಾ?"

ಊರು ಬಿಡುತ್ತದೆಯೇ! ಮಿಲ್ ರಸ್ತೆ ಹೋಗಿ ಜಾಲಿ ರಸ್ತೆ ಆಯಿತು. "ಕಂಡಕ್ಟ್ರೇ, ಮುಳ್ಳಿಗೆ ಅರ್ಧ ಟಿಕೆಟ್ಟಾ ಫುಲ್ಲಾ?" ಎಂದು ಹೋಟೆಲಿನಲ್ಲಿ ಕೇಳಿದರು. ಅದೇ ವಾರ ಎಂಜಿನಿಯರ್ ಸಾಹೇಬರೂ ಬಂದರು. ಪ್ಯಾಂಟು ಮುಳ್ಳಿಗೆ ಸಿಕ್ಕಿತು. ಬಿಡಿಸಿಕೊಂಡು ಹೇಳಿದರು: "ಜಾಲಿ ಬೆಳೆಯೋಕೆ ನಾನು ಬಿಟ್ಟಿದ್ದಲ್ಲ. ಸೋಮವಾರ ಜೆಸಿಬಿ ಬರುತ್ತೆ."

ಅವತ್ತು ಕಂಡಕ್ಟರ ಕೈ ಮೇಲೆ ಹೋಗಲಿಲ್ಲ. ಪಕ್ಕದಲ್ಲೇ ಜೋತುಬಿದ್ದಿತ್ತು. ನಾನು ನೋಡಿದ್ದು ಅದೊಂದೇ ಸಲ.

ಭಾನುವಾರ ಬೆಳಿಗ್ಗೆ ಅವರು ಹಳೆಯ ಖಾಕಿ ಅಂಗಿ ಹಾಕಿಕೊಂಡು ಗುದ್ದಲಿ ಹಿಡಿದು ಬಂದರು. ವಿಷಲ್ ಊದಿದರು. ಯಾರೂ ಬರಲಿಲ್ಲ. ಹಿರೇಹಳ್ಳಿ ಬರಲಿಲ್ಲ, ತಳಕು ಬರಲಿಲ್ಲ. ಜಾಲಿಯ ಬೇರು ಕೀಳುವುದು ಎಂದರೆ ತಮಾಷೆಯಲ್ಲ. ಬುಡ ಉಳಿದರೆ ಮತ್ತೆ ಚಿಗುರುತ್ತದೆ. ಅವರೊಬ್ಬರೇ ಬಗ್ಗಿದರು, ಅಂಗೈಗೆ ಮುಳ್ಳು ಹೊಕ್ಕಿತು, ಎದ್ದರು, ಮತ್ತೆ ಬಗ್ಗಿದರು.

ಅಷ್ಟರಲ್ಲಿ ಟೆಂಪೋದಿಂದ ಅಪ್ಪ ಇಳಿದ. ಅವನ ಹಿಂದೆ ನಮ್ಮ ಹಟ್ಟಿಯ ನಾಲ್ಕಾರು ಜನ, ಅವ್ವ, ಕೈಯಲ್ಲಿ ಪಿಕಾಸಿ, ಕುಡುಗೋಲು. ಅಪ್ಪ ರಸ್ತೆಯ ನಡುವೆ ನಿಂತು ಇಡೀ ಪೇಟೆಗೆ ಕೇಳುವಂತೆ ಕೂಗಿದ: "ನಮ್ಮ ಕುರಿ ಹಾಕಿದ್ದು ನಾವು ಕೀಳ್ತೀವಿ. ನೀವು ಅಂಗಡಿ ಒಳಗೇ ಕುಂತು ತಣ್ಣಗೆ ನೋಡ್ರಪ್ಪಾ!"

ಆ ಮಾತು ನಾಟಿತು. ಮೊದಲು ಹೊರಬಂದವರು ಸಾಬರು: "ಪರಶುರಾಂಪುರ ಯಾರೂ ಮುಟ್ಟಬ್ಯಾಡ್ರಿ, ಅದು ನಮ್ದು." ಆಮೇಲೆ ಟೈಲರು. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಮಿಲ್ಲಿನ ಯಜಮಾನರು, ಹಿಂದೆ ಹಮಾಲರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿ.ಜಿ. ಕೆರೆಯಲ್ಲಿ ಕೂತೆ. ಎಂ.ಎ. ಓದಿದ ಕೈಗೂ ಜಾಲಿ ಮುಳ್ಳು ಅಷ್ಟೇ ನೋಯಿಸುತ್ತದೆ. ಕುಂಕುಮ ಇಟ್ಟಿದ್ದ ಗಿಡದ ಮುಂದೆ ಕಂಡಕ್ಟರ ಹೆಂಡತಿ ಒಂದು ಗಳಿಗೆ ನಿಂತರು. "ತಪ್ಪಾಯ್ತಮ್ಮಾ, ಇವರ ಮಾತು ನಂಬಿದ್ದೆ" ಎಂದು ಜಾಲಿಗೇ ಹೇಳಿ, ಬುಡಕ್ಕೆ ಪಿಕಾಸಿ ಹಾಕಿದರು.

ಜಾಲಿ ಸರಿದಂತೆ ಒಳಗೆ ಹೊಂಗೆ ಬೇವು ಕಂಡವು. ಬದುಕಿದ್ದವು. ಬೀದಿಯ ಮೇಕೆ ದನ ಮುಳ್ಳಿಗೆ ಹೆದರಿ ಒಂದೆಲೆಯನ್ನೂ ಮುಟ್ಟಿರಲಿಲ್ಲ. ಅಪ್ಪ ಕಿತ್ತ ಮುಳ್ಳನ್ನೇ ಹಟ್ಟಿಯ ಬೇಲಿಯ ಹಾಗೆ ಪ್ರತಿ ಸಸಿಯ ಸುತ್ತ ಒತ್ತಾಗಿ ಕಟ್ಟಿಸಿದ. ಕಂಡಕ್ಟರ ಕೈ ನಿಧಾನವಾಗಿ ಮೇಲೆದ್ದಿತು. "ನಾನು ಮದ್ಲೇ ಯೋಚ್ನೆ ಮಾಡಿದ್ದೆ ಕಣ್ರಿ, ಮುಳ್ಳು ಕಾಪಾಡ್ತೈತೆ ಅಂತ" ಅಂದರು. ಒಬ್ಬರೂ ನಂಬಲಿಲ್ಲ. ಎಲ್ಲರೂ ನಕ್ಕರು.

ಸೋಮವಾರ ಜೆಸಿಬಿ ಬಂತು, ಸಾಹೇಬರೂ ಬಂದರು. ಒಂದೊಂದು ಸಸಿಯ ಪಕ್ಕ ಒಂದೊಂದು ಊರು ನಿಂತಿತ್ತು, ಅಂಗೈಗೆ ಬಟ್ಟೆ ಸುತ್ತಿಕೊಂಡು. ಸಾಹೇಬರು ಆ ತುದಿಯಿಂದ ಈ ತುದಿಗೆ ನಡೆದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಂಡಕ್ಟರು ಜೆಸಿಬಿಯ ಹಿಂದೆ ಹೋಗಿ, ಅದರ ಮೈ ತಟ್ಟಿ, "ಬರ್ಲಿ, ಬರ್ಲಿ, ಲೆಫ್ಟು ಹೊಡಿ, ಇನ್ನೂ ಬರ್ಲಿ" ಎಂದು ಹಿಂದಕ್ಕೆ ತೆಗೆಸಲು ಶುರು ಮಾಡಿಯೇ ಬಿಟ್ಟಿದ್ದರು. ಡ್ರೈವರು ಸಾಹೇಬರ ಕಡೆ ನೋಡಿದ. ಸಾಹೇಬರು ತಲೆಯಾಡಿಸಿದರು. "ರೈಟ್!" ಎಂದರು ಕಂಡಕ್ಟರು. ಜೆಸಿಬಿ ಹೋಯಿತು.

ಮರ ಒಂದೇ ಸಲಕ್ಕೆ ಬರುವುದಿಲ್ಲ. ಬೇಸಿಗೆಗಳು ಬಂದವು, ಹಾನಗಲ್ಲು ಒಮ್ಮೆ ಒಣಗಿ ಮತ್ತೆ ನೆಡಬೇಕಾಯಿತು. ಅಂಗಡಿಯವರು ಬೇಸತ್ತು "ಎಲ್ರಿ ನೆರಳು?" ಎಂದಾಗಲೆಲ್ಲ "ಈಗ ಬರ್ತೈತೆ" ಎಂದರು ಕಂಡಕ್ಟರು. ಬಂತು. ಮಂಡಕ್ಕಿ ಗಾಡಿ ಹಿಂದಿರುಗಿತು. ಹೂವಿನವಳು ತಳಕಿನ ಕೆಳಗೆ ಬುಟ್ಟಿ ಇಟ್ಟಳು. ಮುಚ್ಚಿದ ಅಂಗಡಿಗಳಲ್ಲಿ ಒಂದು ತೆರೆಯಿತು. "ಹಿರೇಹಳ್ಳಿ ಹತ್ರ ಚಾ ಕುಡಿಯಾನ ಬಾ" ಎಂದು ಹುಡುಗರು ಊರು ದಾಟದೆಯೇ ಹೋಗಿ ಬರತೊಡಗಿದರು.

ಹೋದ ಬೇಸಿಗೆಯಲ್ಲಿ ಕಂಡಕ್ಟರು ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಬದುಕಿಡೀ "ಈಗ ಹೊರಡ್ತೈತೆ" ಎಂದು ಕಾಯಿಸಿದ ಮನುಷ್ಯ ತಾನು ಹೊರಡುವಾಗ ಒಂದು ಮಾತೂ ಹೇಳಲಿಲ್ಲ. ಅದೊಂದಕ್ಕೆ ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ.

ಈ ಸಲ ಪರಿಸರ ದಿನಕ್ಕೆ ಅವರಿಗೆ ಗೌರವ ಎಂದು ಎಂಜಿನಿಯರ್ ಸಾಹೇಬರ ಕಚೇರಿಯವರು ತೀರ್ಮಾನಿಸಿದರು. ಮಿಲ್ ರಸ್ತೆಯಲ್ಲಿ ಕೊಂಬೆ ಅಡ್ಡ ಬರುತ್ತದೆಂದು, ಮರವೇ ಇಲ್ಲದ ತಿರುವಿನ ಬಯಲಿನಲ್ಲಿ ಪೆಂಡಾಲು ಹಾಕಿಸಿದ್ದರು. ತಗಡಿನ ಕೆಳಗೆ ಎಲ್ಲರೂ ಬೆವರುತ್ತಾ ಕೂತಿದ್ದೆವು. ಭಾಷಣಗಳು ಮುಗಿದವು. ಕಂಡಕ್ಟರ ಹೆಂಡತಿಯನ್ನು ಕರೆದರು. ಆಕೆ ಮೊಳಕಾಲ್ಮೂರಿನ ಹಳೆಯ ಸೀರೆ ಉಟ್ಟು ಬಂದಿದ್ದರು. ಸಾಹೇಬರು ಎದ್ದು ನಿಂತು, ಚೌಕಟ್ಟು ಹಾಕಿಸಿದ ಪ್ರಶಸ್ತಿ ಪತ್ರವನ್ನು ಎರಡೂ ಕೈಯಿಂದ ಕೊಟ್ಟರು. ಆಕೆ ಅದನ್ನು ಓದಿದರು, ಸೆರಗಿನಿಂದ ಗಾಜು ಒರೆಸಿದರು. ಎರಡು ಮಾತಾಡಿ ಎಂದು ಮೈಕು ಮುಂದೆ ಹಿಡಿದರು.

"ಏನ್ ಮಾತಾಡ್ಲಿ ಸಾರ್? ಮನ್ಯಾಗೆ ತುಳಸಿಗೆ ಒಂದಿನಾನಾ ಒಂದು ಚೊಂಬು ನೀರು ಹಾಕ್ದೋರಲ್ಲ ಈ ಮನುಷ್ಯ" ಅಂದರು. ಜನ ನಕ್ಕರು. ಆಕೆ ಸಾಹೇಬರ ಬೆವರಿದ ಮುಖವನ್ನು ನೋಡಿದರು. "ಇಲ್ಲಿ ಯಾಕೆ ಬೇಯ್ತೀರಿ? ಕುರ್ಚಿ ಎತ್ಕಂಡು ಆ ಕಡೆ ಬರ್ರಿ. ನನಗಂತೂ ಏನೂ ಇಟ್ಟು ಹೋಗ್ಲಿಲ್ಲ ನಮ್ಮ ಯಜಮಾನ್ರು. ನಿಮಗೆಲ್ಲ ನೆರಳು ಇಟ್ಟವ್ರೆ, ಬಂದು ಕುಂತ್ಕಳ್ರಿ."